ಲಿಬ್ರಾದಾಳ ಪಾಲು

ನಾಲ್ಕನೆಯ ಕಟ್ಟನ್ನು ಬರೆದವಳು ನಾನು. ಹತ್ತೊಂಬತ್ತು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಪಾದ್ರಿಗಳ ಮುಂದೆ ಪಾಪನಿವೇದನೆಗೆ ಮಂಡಿಯೂರಿದಾಗಲೂ ಹೇಳಲಿಲ್ಲ. ಅದು ಪಾಪವೋ ಅಲ್ಲವೋ ಎಂಬುದೇ ನನಗೆ ತೀರ್ಮಾನವಾಗಿರಲಿಲ್ಲ.

ನನ್ನ ಸೋದರಮಾವ ಬೆಲಾರ್ಮಿನೊ ವೆರ್ಗಾರಾ ಪದ ಕಟ್ಟುವವನು. ನಮ್ಮೂರು ಲಾ ಪಾಲ್ಮಿತಾದಲ್ಲಿ ಪದವೆಂದರೆ ಮೊದಲು ನಾಲ್ಕು ಸಾಲಿನ ತಲೆ, ಅದರ ಕೆಳಗೆ ಹತ್ತು ಹತ್ತು ಸಾಲಿನ ನಾಲ್ಕು ಕಟ್ಟು. ಮೊದಲ ಕಟ್ಟು ತಲೆಯ ಮೊದಲ ಸಾಲಿಗೆ ಬಂದು ನಿಲ್ಲಬೇಕು, ಎರಡನೆಯದು ಎರಡನೆಯ ಸಾಲಿಗೆ, ಹಾಗೆಯೇ ನಾಲ್ಕೂ. ಒಂದು ಸಾಲಿಗೆ ಎಂಟೇ ಅಕ್ಷರ. ಮಾವನಿಗೆ ಓದು ಬರಹ ಬಾರದು. ಜೋಳದ ಹೊಲದ ಬದುವಿನ ಮೇಲೆ ನಡೆಯುತ್ತ, ಬೆರಳು ಮಡಚಿ ಎಣಿಸುತ್ತ ಕಟ್ಟುತ್ತಿದ್ದ. ಮನೆಗೆ ಬಂದು ಜೋಲಿಯಲ್ಲಿ ಮಲಗಿ ಹೇಳುತ್ತಿದ್ದ, ನಾನು ಕೆಳಗೆ ಕೂತು ನೋಟುಬುಕ್ಕಿಗೆ ಇಳಿಸುತ್ತಿದ್ದೆ. ಹನ್ನೊಂದು ವರ್ಷದವಳಿದ್ದಾಗಿನಿಂದ ಅದೇ ನನ್ನ ಕೆಲಸ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು, ಕೇಳಿದಾಗ ಓದುವುದು. ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ.

ಆ ವರ್ಷ ಮಾವನ ಹೆಂಡತಿ ಉಬಾಲ್ದಿನಾ ಅತ್ತೆಗೆ ಹೊಟ್ಟೆಯಲ್ಲಿ ಗೆಡ್ಡೆ. ರಾಜಧಾನಿಯ ಆಸ್ಪತ್ರೆಯಲ್ಲಿ ಕೊಯ್ಯಬೇಕೆಂದರು. ನಮ್ಮವರು ಹರಕೆ ಹೊರುವಾಗ ಒಬ್ಬರು ಮಂಡಿಯಲ್ಲಿ ನಡೆಯುತ್ತಾರೆ, ಒಬ್ಬರು ಬಂಗಾರದ ಸರ ಕೊಡುತ್ತಾರೆ. ಮಾವನ ಹತ್ತಿರ ಇದ್ದದ್ದು ಪದ. ನಮ್ಮೂರ ಇಗರ್ಜಿಯ ಸಂತ ತಾಯಿ ಸಾಂತಾ ಲಿಬ್ರಾದಾಳಿಗೆ ಹೊಸ ಪದವೊಂದನ್ನು ಕಟ್ಟಿ, ಒಂಬತ್ತು ದಿನದ ಪ್ರಾರ್ಥನೆ ಶುರುವಾಗುವ ಸಂಜೆ ಅವಳ ಮೂರ್ತಿಯೆದುರು ನಿಂತು ಹಾಡುತ್ತೇನೆಂದು ಮಾತು ಕೊಟ್ಟ. ತಲೆಯೂ ಮೂರು ಕಟ್ಟೂ ಆದವು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಡೆಂಗೀ ಜ್ವರ ಬಂದು ಅವನನ್ನು ಜೋಲಿಗೆ ಕೆಡವಿತು. ಪ್ರಾರ್ಥನೆಯ ದಿನ ಬಂದೇಬಿಟ್ಟಿತು, ಆಸ್ಪತ್ರೆಯಲ್ಲಿ ಅತ್ತೆಯನ್ನು ಕೊಯ್ಯುವುದೂ ಅದೇ ದಿನ. ಮಧ್ಯಾಹ್ನವಾದರೂ ಒಂದು ಸಾಲು ಹುಟ್ಟಲಿಲ್ಲ. "ಮಾತು ತಪ್ದೆ ಸೆಲಿನಾ, ಅವಳಿಗೆ ಕೊಟ್ಟ ಮಾತು ತಪ್ದೆ" ಎಂದು ಅತ್ತು, ಹಾಗೆಯೇ ನಿದ್ದೆಹೋದ.

ನಾನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಒಲೆಯ ಮೇಲೆ ಅನ್ನ. ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳತೊಡಗಿದವು. ಅನ್ನ ಬೇಯುವಷ್ಟರಲ್ಲಿ ಹತ್ತು ಸಾಲು ಬಂದವು. ಅದೇ ಪುಸ್ತಕದಲ್ಲಿ, ಮೂರನೆಯ ಕಟ್ಟಿನ ಕೆಳಗೆ, ಅದೇ ಪೆನ್ನಿನಿಂದ ಬರೆದೆ.

ನಾಲ್ಕು ಗಂಟೆಗೆ ಮಾವ ಎದ್ದು "ಇರೋದನ್ನೇ ಓದು" ಎಂದ. ಓದಿದೆ. ಮೂರು ಮುಗಿದ ಮೇಲೆ ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. ನಾಲ್ಕನೆಯದು ಮುಗಿದಾಗ ಮಾವ ಜೋಲಿಯ ಹಗ್ಗ ಹಿಡಿದು ನೆಟ್ಟಗೆ ಕೂತ.

"ಇದನ್ನ ನಾನು ಯಾವಾಗ ಹೇಳ್ದೆ?"

"ನಿದ್ದೇಲಿ" ಎಂದೆ.

ಅದೊಂದೇ ಮಾತು. ಮಾವ ಶಿಲುಬೆಯ ಗುರುತು ಹಾಕಿಕೊಂಡ. "ನಾನಲ್ಲ. ಇದು ನನ್ನ ಪದ ಅಲ್ಲವೇ ಅಲ್ಲ. ಅವಳೇ ಹೇಳಿರೋದು" ಎಂದ. ಆ ಸಂಜೆ ಇಬ್ಬರು ಅವನನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದರು. ಅವನು ನಾಲ್ಕೂ ಕಟ್ಟು ಹಾಡಿದ. ಗಂಟೆಯೊಳಗೆ ಆಸ್ಪತ್ರೆಯಿಂದ ಫೋನು ಬಂತು, ಅತ್ತೆ ಕಣ್ಣು ಬಿಟ್ಟಳಂತೆ. ಅದಾದ ಮೇಲೆ ನಾನು ಬಾಯಿ ಬಿಟ್ಟು ಏನು ಹೇಳಲಿ? ಅಂದಿನಿಂದ ಎಲ್ಲಿ ಆ ಪದ ಹಾಡಿದರೂ ನಾಲ್ಕನೆಯ ಕಟ್ಟಿಗೆ ಬಂದಾಗ ಮಾವ ಟೋಪಿ ತೆಗೆಯುತ್ತಾನೆ. ಜನವೂ ಎದ್ದು ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ.

ಅದೇ ವರ್ಷದ ಕೊನೆಗೆ ರೇಡಿಯೋದವನೊಬ್ಬ ಬಂದು ಪದವನ್ನು ಧ್ವನಿಮುದ್ರಿಸಿಕೊಂಡು, ಹಾಡುಕಟ್ಟುವವರ ಸಂಘದ ಅರ್ಜಿಯೊಂದನ್ನು ಮುಂದಿಟ್ಟ. ಕಟ್ಟಿದವರ ಹೆಸರು, ಯಾರಿಗೆಷ್ಟು ಪಾಲು. ಬರೆಯುವವಳು ನಾನೇ. ಮಾವ ಹೇಳಿದ: "ಬೆಲಾರ್ಮಿನೊ ವೆರ್ಗಾರಾ, ಅರ್ಧ. ಲಿಬ್ರಾದಾ, ಊರು ಲಾ ಪಾಲ್ಮಿತಾ, ಅರ್ಧ." ಬರೆದೆ. ರೇಡಿಯೋದವನಿಗೆ ಅದು ವಿಚಿತ್ರವೆನ್ನಿಸಲಿಲ್ಲ. ನಮ್ಮ ಸೀಮೆಯಲ್ಲಿ ಸಂತೆಗೆ ಹೋಗಿ "ಲಿಬ್ರಾದಾ" ಎಂದು ಕೂಗಿದರೆ ಹತ್ತು ಹೆಂಗಸರು ತಿರುಗಿ ನೋಡುತ್ತಾರೆ.

ಈ ವರ್ಷ ಮಾರ್ಚಿನಲ್ಲಿ ಸಂಘದಿಂದ ಕಾಗದ ಬಂತು. ಸ್ಪೇನ್‌ನ ಟೀವಿ ಧಾರಾವಾಹಿಯೊಂದು ಮಾವನ ಪದವನ್ನು ಶುರುವಿನ ಹಾಡಾಗಿ ಇಟ್ಟುಕೊಂಡಿದೆ, ಗೌರವಧನ ಬರಲಿದೆ, ಕಟ್ಟಿದ ಇಬ್ಬರೂ ತಾವು ಈ ದೇಶದ ನಿವಾಸಿಗಳೆಂದು ತೆರಿಗೆ ಕಚೇರಿಯಿಂದ ಪ್ರಮಾಣಪತ್ರ ತಂದು ತಿಂಗಳ ಕೊನೆಯೊಳಗೆ ಕಳಿಸಬೇಕು. ಓದಿ ಹೇಳುತ್ತ 'ಇಬ್ಬರೂ' ಎಂಬಲ್ಲಿಗೆ ಬಂದಾಗ ಆ ಸಾಲನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ. ಮಾವ ಖುಷಿಯಾದ. "ನೋಡಿದ್ಯಾ, ಇಗರ್ಜಿ ಸೂರು ಸೋರ್ತಿದೆ ಅಂತ ಅವಳೇ ದಾರಿ ಹುಡ್ಕೊಂಡಿದಾಳೆ" ಎಂದ.

"ಹುಡ್ಕೋತಾಳೆ, ಹುಡ್ಕೋತಾಳೆ" ಎಂದಳು ಅತ್ತೆ ಹಿಟ್ಟು ನಾದುತ್ತ. "ಹತ್ತೊಂಬತ್ತು ವರ್ಷದಿಂದ ನನ್ನ ಅಡುಗೆಮನೇನೂ ಸೋರ್ತಿದೆ. ಅದಕ್ಕೂ ಒಂದು ಪದ ಕಟ್ಟು."

ಬೆಳಗಿನ ಬಸ್ಸಿಗೆ ಮಾವನೂ ನಾನೂ ಪಟ್ಟಣಕ್ಕೆ ಹೋದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕಚೇರಿಯಲ್ಲಿ ಚೀಟಿ ತೆಗೆದುಕೊಂಡು ಬೆಂಚಿನಲ್ಲಿ ಕೂತೆವು. ಹಿಂದೆ ಮುಂದೆ ಹದಿನೈದು ಇಪ್ಪತ್ತು ಜನ, ಮೇಲೆ ನಿಧಾನವಾಗಿ ತಿರುಗುವ ಫ್ಯಾನು. ನಮ್ಮ ಸರದಿ ಬಂದಾಗ ಎದುರಿಗೆ ಮಾರ್ಕೆಲಾ ಬಾರಿಯಾ ಎಂಬ ಅಧಿಕಾರಿಣಿ ಇದ್ದಳು. ಐವತ್ತರ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಮಗ್ಗುಲಲ್ಲಿ ಅರ್ಧ ತಿಂದ ಕರಿದ ರೊಟ್ಟಿ. ಸಂಘದ ಕಾಗದವನ್ನು ಎರಡು ಸಲ ಓದಿದಳು.

"ಕೇಳಿ ಯಜಮಾನ್ರೇ. ಸ್ಪೇನ್‌ನೋರು ದುಡ್ಡು ಕಳ್ಸೋ ಮೊದ್ಲೇ ತಮ್ಮ ತೆರಿಗೆ ಮುರ್ಕೋತಾರೆ. ನೂರಕ್ಕೆ ಇಪ್ಪತ್ನಾಲ್ಕು. ನಮಗೂ ಅವ್ರಿಗೂ ಒಪ್ಪಂದ ಇದೆ. ಇವ್ರು ನಮ್ಮೋರು, ಇಲ್ಲೇ ವಾಸ ಅಂತ ನಾವು ಪತ್ರ ಕೊಟ್ರೆ ಐದೇ ಮುರ್ಕೋತಾರೆ."

"ಅವರ್ಯಾಕೆ ಮುರ್ಕೋಬೇಕು? ನಾನು ಸ್ಪೇನ್ ಕಂಡೇ ಇಲ್ಲ."

"ನೀವು ಕಂಡಿಲ್ಲ. ನಿಮ್ಮ ಪದ ಕಂಡಿದೆ. ದಿನಾ ಸಂಜೆ ಅವರ ಮನೆಮನೇಲಿ ಕೂತು ಹಾಡ್ತಿದೆ. ಅಲ್ಲಿ ದುಡಿದಿದ್ದಕ್ಕೆ ಅವ್ರು ಕೇಳ್ತಾರೆ."

"ಮತ್ತೆ ನಮ್ಮ ಸರ್ಕಾರ ಎಷ್ಟು ತಗೊಳುತ್ತೆ?"

"ಏನೂ ಇಲ್ಲ. ನಮ್ಮ ನೆಲದಲ್ಲಿ ಹುಟ್ಟಿದ ಆದಾಯಕ್ಕೆ ಮಾತ್ರ ನಮ್ಮ ತೆರಿಗೆ. ಇದು ಹೊರಗೆ ಹುಟ್ಟಿದ್ದು."

ಮಾವನಿಗೆ ಅವಮಾನವಾಯಿತು. "ಹೊರಗೆ ಹುಟ್ಟಿದ್ದಾ? ನನ್ನ ಜೋಲೀಲಿ ಹುಟ್ಟಿದ್ದು ಮೇಡಂ! ಆ ಜೋಲೀನ ಬೇಕಿದ್ರೆ ತಂದು ತೋರಿಸ್ತೀನಿ."

"ಪದ ಜೋಲೀಲಿ ಹುಟ್ಟಿದ್ದು, ಒಪ್ಪಿದೆ. ದುಡ್ಡು ಹುಟ್ಟಿದ್ದು ಸ್ಪೇನ್‌ನಲ್ಲಿ. ಎರಡೂ ಬೇರೆ ಬೇರೆ ಹೆರಿಗೆ." ಬೆಂಚಿನವರು ನಕ್ಕರು. "ಬೇರೆ ದೇಶದಲ್ಲಿ ಇದನ್ನ ಇನ್ನೊಂಥರಾ ನೋಡ್ತಾರೆ. ಕಟ್ಟಿದೋನು ಎಲ್ಲಿ ಮಲಗ್ತಾನೋ ಅಲ್ಲಿನ ಸರ್ಕಾರಕ್ಕೂ ಕೊಡು ಅಂತಾರೆ. ನಿಮ್ಮ ಪುಣ್ಯ, ನೀವು ಇಲ್ಲಿ ಮಲಗ್ತೀರಿ."

ಮಾವನ ಗುರುತಿನ ಚೀಟಿ, ಕರೆಂಟಿನ ಬಿಲ್ಲು, ಎಲ್ಲ ಸರಿಯಿತ್ತು. ಅವನ ಅರ್ಜಿಗೆ ಮುದ್ರೆ ಬಿತ್ತು. ಮಾರ್ಕೆಲಾ ಎರಡನೆಯದನ್ನು ತೆಗೆದಳು.

"ಈಗ ಲಿಬ್ರಾದಾ. ಅಡ್ಡಹೆಸರು ಬರೆದೇ ಇಲ್ಲ. ಎಲ್ಲಿ ಅವ್ರು?"

"ಇಗರ್ಜೀಲಿ" ಎಂದ ಮಾವ.

"ಪೂಜೆ ಮುಗಿದ ಮೇಲೆ ಬರ್ತಾರಾ?"

"ಇಲ್ಲ ಮೇಡಂ. ಜುಲೈ ಇಪ್ಪತ್ತಕ್ಕೆ ಒಂದೇ ದಿನ ಹೊರಗೆ ಬರೋದು. ಅದೂ ಎಂಟು ಜನ ಹೊರಬೇಕು."

ಮಾರ್ಕೆಲಾ ಕನ್ನಡಕ ತೆಗೆದಳು. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ನೂರ ಎಂಬತ್ಮೂರು ದಿನ ಊರಲ್ಲಿದ್ರೆ ನಿವಾಸಿ ಅಂತೆ ಮೇಡಂ! ಆ ತಾಯಿ ಮುನ್ನೂರ ಅರವತ್ನಾಲ್ಕು ದಿನ ಒಳಗೇ ಇರ್ತಾಳೆ, ಕೊಟ್ಬಿಡಿ!" ಇನ್ನೊಬ್ಬಳು "ಕರೆಂಟ್ ಬಿಲ್ ಪಾದ್ರಿ ಹೆಸ್ರಲ್ಲಿದೆ, ಅದೇ ತೊಂದ್ರೆ" ಎಂದಳು. ಕಚೇರಿಯೆಲ್ಲ ನಗು. ನಗದೆ ಇದ್ದವರು ಮಾವ ಮತ್ತು ನಾನು. ಮಾರ್ಕೆಲಾಳೂ ನಗಲಿಲ್ಲ, ಅವಳ ಕೊರಳಿನ ಸರದಲ್ಲಿ ಅದೇ ತಾಯಿಯ ಪದಕವಿತ್ತು.

"ಯಜಮಾನ್ರೇ" ಎಂದಳು ಧ್ವನಿ ತಗ್ಗಿಸಿ, "ಹರಕೆ ನನಗೆ ಅರ್ಥ ಆಗುತ್ತೆ. ಆದ್ರೆ ಈ ಪತ್ರ ನಾನು ಕೊಡಕ್ಕಾಗಲ್ಲ. ಅವಳ ಅರ್ಧಕ್ಕೆ ಇಪ್ಪತ್ನಾಲ್ಕು ಮುರೀತಾರೆ. ಉಳಿದಿದ್ದು ಅವಳು ಸಿಗೋವರ್ಗೂ ಸಂಘದಲ್ಲೇ ಬಿದ್ದಿರುತ್ತೆ. ಅವಳಂತೂ ಸಿಗಲ್ಲ. ಆಮೇಲೆ ಯಾರ್ಯಾರಿಗೋ ಹಂಚ್ತಾರೆ."

"ಸೂರಿಗೆ ಬರಲ್ವಾ?"

"ಬರ್ಬೇಕಂದ್ರೆ ಒಂದೇ ದಾರಿ." ಒಂದು ಹಾಳೆಯನ್ನು ಎದುರಿಗಿಟ್ಟಳು. "ಈ ಪದವನ್ನ ಪೂರ್ತಿ ನಾನೊಬ್ಬನೇ ಕಟ್ಟಿದೀನಿ, ಬೇರೆ ಯಾರೂ ಇಲ್ಲ ಅಂತ ಪ್ರಮಾಣ ಮಾಡಿ ಹೆಬ್ಬೆಟ್ಟು ಒತ್ತಿ. ಪೂರಾ ನಿಮಗೆ ಬರುತ್ತೆ, ಐದೇ ಮುರೀತಾರೆ. ಆಮೇಲೆ ಅರ್ಧ ನೀವೇ ಇಗರ್ಜಿಗೆ ಕೊಡಿ. ಯಾರು ಬೇಡ ಅಂತಾರೆ?"

"ದೇವರ ಮೇಲೆ ಪ್ರಮಾಣಾನಾ?"

"ಕಾನೂನಿನ ಮೇಲೆ. ಸುಳ್ಳು ಅಂತ ಗೊತ್ತಾದ್ರೆ ಶಿಕ್ಷೆ ಇದೆ ಅಂತ ಬರ್ದಿದೆ ನೋಡಿ. ಆದ್ರೆ ನಿಮ್ಮನ್ನ ಯಾರೂ ಕೇಳಲ್ಲ. ನಿಮ್ಮ ಕಿವೀಲಿ ಯಾರು ಹಾಡಿದ್ರು ಅಂತ ಸರ್ಕಾರಕ್ಕೆ ಬೇಡ ಯಜಮಾನ್ರೇ. ದುಡ್ಡು ಯಾರ ಕೈಗೆ ಬಂತು ಅನ್ನೋದೇ ಅದಕ್ಕೆ ಬೇಕು."

"ಕಾಗದ ಹಾಗೆ ಕೇಳ್ತಿಲ್ವಲ್ಲ. ಕಟ್ಟಿದೋನು ಯಾರು ಅಂತ ಕೇಳ್ತಿದೆ."

ಮಾರ್ಕೆಲಾ ಶಾಯಿಯ ಡಬ್ಬಿಯನ್ನು ಅವನ ಕಡೆ ಸರಿಸಿದಳು. ಮಾವ ಹೆಬ್ಬೆರಳನ್ನು ಶಾಯಿಗೆ ಒತ್ತಿದ. ಒತ್ತಿ, ಗಾಳಿಯಲ್ಲಿ ಹಾಗೆಯೇ ಹಿಡಿದ. ಸೂರು ಅವನ ಕಣ್ಣ ಮುಂದಿತ್ತು, ಅದು ನನಗೆ ಗೊತ್ತು. ಮಳೆಗಾಲದಲ್ಲಿ ತಾಯಿಯ ತಲೆಯ ಮೇಲೆ ಬೀಳುವ ನೀರಿಗೆ ಅವನೇ ಬಕೆಟ್ಟು ಇಡುವವನು. ಹಾಳೆಯೂ ಅವನ ಕಣ್ಣ ಮುಂದಿತ್ತು. ನನ್ನ ಕಡೆ ತಿರುಗಿದ.

"ಸೆಲಿನಾ, ನೀನು ಅಕ್ಷರ ಬಲ್ಲೋಳು. ನೀನೇ ಹೇಳು. ಒತ್ಲಾ?"

ಒತ್ತು ಎಂದಿದ್ದರೆ ಒತ್ತಿಬಿಡುತ್ತಿದ್ದ. ತಾಯಿಯ ಮಾತನ್ನು ತನ್ನದೆಂದು ಹೇಳಿದೆನೆಂಬ ಭಾರವನ್ನು ಸಾಯುವವರೆಗೆ ಹೊತ್ತುಕೊಂಡಿರುತ್ತಿದ್ದ, ಅದೂ ನಾನು ಆಡಿದ ಒಂದು ಸುಳ್ಳಿಗಾಗಿ. ಬೇಡ ಎಂದಿದ್ದರೆ ಸೂರು ಹೋಗುತ್ತಿತ್ತು. ನಿಜ ಹೇಳಿದರೆ ಏನು ಹೋಗುತ್ತಿತ್ತೆಂದು ನನಗೆ ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತು: ಒಬ್ಬ ಬಡವನ ಬದುಕಿನಲ್ಲಿ ದೇವರು ಒಮ್ಮೆ ಬಾಗಿಲು ತಟ್ಟಿದ ಆ ಒಂದು ದಿನ.

"ಒತ್ಬೇಡ ಮಾವ" ಎಂದೆ. "ನಾಲ್ಕನೇದು ನಿಂದಲ್ಲ. ಅವಳದೂ ಅಲ್ಲ. ನಂದು."

ಅವನಿಗೆ ಅರ್ಥವಾಗಲಿಲ್ಲ.

"ನೀನು ನಿದ್ದೇಲಿ ಹೇಳ್ಲಿಲ್ಲ. ನೀನು ಮಲಗಿದ್ದಾಗ ನಾನು ಮೆಟ್ಟಿಲ ಮೇಲೆ ಕೂತು ಕಟ್ದೆ. ನಿನ್ನ ಮಾತು ತಪ್ಪಬಾರ್ದು ಅಂತ."

ಮಾವನ ಹೆಬ್ಬೆರಳು ಇನ್ನೂ ಗಾಳಿಯಲ್ಲಿತ್ತು. ಮಾರ್ಕೆಲಾ ಮೆಲ್ಲಗೆ ಆ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹೇಳು" ಎಂದ ಮಾವ.

"ಏನು?"

"ನಿಂದು ಅಂದ್ಯಲ್ಲ. ಹೇಳು. ಪುಸ್ತಕ ನೋಡ್ದೆ."

ನಾನು ನಾಲ್ಕು ಜನರೆದುರು ಪದ ಹೇಳಿದವಳಲ್ಲ. ಕೇಳುವುದಷ್ಟೇ ನನಗೆ ಬಂದ ವಿದ್ಯೆ. ಎದ್ದು ನಿಂತೆ. ಬೆರಳು ಮಡಚಿಕೊಂಡು ಶುರು ಮಾಡಿದೆ:

ಸಣ್ಣ ದೀಪ, ದೊಡ್ಡ ಗಾಳಿ,
ಕೈಯ ಮರೆ ಯಾರದಮ್ಮ?

ಹಾಗೆ ಸಾಲಿನಿಂದ ಸಾಲಿಗೆ ಇಳಿದು ಎಂಟನೆಯದಕ್ಕೆ ಬಂದೆ:

ಆರದೆ ಇನ್ನೂ ಉರಿದಿದೆ

ಆಮೇಲೆ ಒಂಬತ್ತು, ಆಮೇಲೆ ಮಾವನ ತಲೆಯ ನಾಲ್ಕನೆಯ ಸಾಲು. ಮುಗಿಯಿತು. ಹಿಂದಿನ ಬೆಂಚಿನಲ್ಲಿ ಮುದುಕಿಯೊಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು.

ಮಾವ ಕುರ್ಚಿಗೆ ಒರಗಿದ. ಅವನ ಮುಖ ಒಮ್ಮೆಗೇ ಹತ್ತು ವರ್ಷ ಮುಪ್ಪಾದ ಹಾಗೆ ಕಂಡಿತು.

"ಉಬಾಲ್ದಿನಾ ಕಣ್ಣು ಬಿಟ್ಟಿದ್ದು ಯಾವಾಗ? ಪದ ಹಾಡಿದ ಮೇಲಲ್ವಾ?"

"ಮೇಲೆ."

"ಅಂದ್ರೆ ನನ್ನ ಮೂರು ಅವಳಿಗೆ ಸಾಲ್ಲಿಲ್ಲ. ನಿನ್ನ ಒಂದು ಬೇಕಾಯ್ತು."

ಇದನ್ನು ನಾನು ಎಣಿಸಿರಲಿಲ್ಲ. ಸಿಟ್ಟು ಬರುತ್ತದೆ, ಅಳು ಬರುತ್ತದೆ, ಅವನ ನಂಬಿಕೆ ಮುರಿದು ಬೀಳುತ್ತದೆ ಎಂದೆಲ್ಲ ಎಣಿಸಿದ್ದೆ. ತಾಯಿ ತನ್ನನ್ನು ಬಿಟ್ಟು ನನ್ನದನ್ನು ಒಪ್ಪಿಕೊಂಡಳೆಂದು ಮುನಿಯುತ್ತಾನೆಂದು ಎಣಿಸಿರಲಿಲ್ಲ.

"ನಿನ್ನ ಮೂರು ಇಲ್ದೆ ನಂದೊಂದು ಎಲ್ಲಿ ನಿಲ್ಬೇಕಿತ್ತು ಮಾವ? ನಾಲ್ಕನೇದು ನಿನ್ನ ಸಾಲಿಗೇ ಬಂದು ಮುಗೀಬೇಕು. ಆ ಸಾಲು ನಾನು ಕಟ್ಟಿದ್ದಲ್ಲ. ನನ್ನವು ಒಂಬತ್ತೇ."

ಅವನು ಬೆರಳಲ್ಲಿ ಎಣಿಸಿದ. ಒಂಬತ್ತೇ. ಅವನಿಗೆ ಸ್ವಲ್ಪ ಉಸಿರು ಬಂದಂತಾಯಿತು.

"ಹಾಗಾದ್ರೆ ಕಟ್ಟಿದೋಳು ಜೀವಂತ ಇದಾಳೆ" ಎಂದಳು ಮಾರ್ಕೆಲಾ, ಇನ್ನೊಂದು ಹಾಳೆ ತೆಗೆದು. "ಸುಲಭ ಆಯ್ತು. ಲಿಬ್ರಾದಾ ಹೆಸರು ತಪ್ಪಾಗಿ ಬಿದ್ದಿದೆ, ಎರಡನೇ ಕರ್ತೃ ಇವ್ರು ಅಂತ ಇಬ್ರೂ ಸೇರಿ ಬರ್ಕೊಡಿ. ಗುರುತಿನ ಚೀಟಿ ತಂದಿದೀರಾ? ಹೆಸರು?"

"ದಿಯೊಸೆಲಿನಾ ಕಾರ್ದೆನಾಸ್ ವೆರ್ಗಾರಾ. ಲಾ ಪಾಲ್ಮಿತಾ."

"ಪಾಲು? ನಾಲ್ಕರಲ್ಲಿ ಒಂದು ಕಟ್ಟು. ಕಾಲು ಭಾಗ ಅಂತ ಬರೀಲಾ?"

"ಬರೀರಿ" ಎಂದೆ.

"ಬರೀಬೇಡಿ" ಎಂದ ಮಾವ. "ಅರ್ಧ. ಅರ್ಧ ಅಂತ ನಾನು ಬಾಯಿಬಿಟ್ಟು ಹೇಳಿದೀನಿ. ಯಾರಿಗೆ ಹೇಳ್ದೆ ಅನ್ನೋದು ತಪ್ಪಿರಬಹುದು, ಹೇಳಿದ್ದು ತಪ್ಪಲ್ಲ."

"ಮಾವ, ಅದು ಅವಳಿಗೆ ಕೊಟ್ಟ ಅರ್ಧ. ನನಗಲ್ಲ."

"ಹಾಗಾದ್ರೆ ನೀನು ಅವಳಿಗೆ ಕೊಡು. ನನ್ನ ಹರಕೆ ಮೂರು ಕಟ್ಟಿಗೆ ತೀರಿತು. ನಾಲ್ಕನೇದು ನಿನ್ನ ಹರಕೆ. ನೀನುಂಟು, ಅವಳುಂಟು. ಸೂರು ಹೊದಿಸ್ತೀಯೋ, ನಿಮ್ಮತ್ತೆ ಅಡುಗೆಮನೆ ಹೊದಿಸ್ತೀಯೋ, ನನ್ನ ಕೇಳ್ಬೇಡ."

ಕೊನೆಯ ಮಾತು ಒರಟಾಗಿತ್ತು. ಅದರೊಳಗೆ ನೋವಿತ್ತು, ಅದನ್ನು ಅವನು ಮುಚ್ಚಲೂ ಇಲ್ಲ. ಹೆಬ್ಬೆಟ್ಟಿನ ಶಾಯಿ ಅಷ್ಟರಲ್ಲಿ ಒಣಗಿತ್ತು. ಮಾರ್ಕೆಲಾ ಮತ್ತೆ ಡಬ್ಬಿ ಸರಿಸಿದಳು. ಅವನು ಹೊಸ ಹಾಳೆಗೆ ಗಟ್ಟಿಯಾಗಿ ಒತ್ತಿದ. ಕೆಳಗೆ ನಾನು ಸಹಿ ಹಾಕಿದೆ. ಪರರ ಹೆಸರುಗಳನ್ನು ಎಷ್ಟೋ ಅರ್ಜಿಗಳಲ್ಲಿ ತುಂಬಿದ ನನ್ನ ಕೈ ಕರ್ತೃ ಎಂಬಲ್ಲಿ ನನ್ನ ಹೆಸರನ್ನು ಬರೆದದ್ದು ಅದೇ ಮೊದಲು.

"ನಿಮಗೂ ಐದೇ" ಎಂದಳು ಮಾರ್ಕೆಲಾ ಮುದ್ರೆ ಒತ್ತುತ್ತ. "ಇಲ್ಲಿ ಏನೂ ಇಲ್ಲ."

"ಮೆಟ್ಟಿಲ ಮೇಲೆ ಹುಟ್ಟಿದ್ದಾದ್ರೂ?" ಎಂದು ಕೇಳಿದೆ. ನಾನು ತಮಾಷೆಗೆ ಕೇಳಿರಲಿಲ್ಲ. ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮೆಟ್ಟಿಲಿಗೆ ತೆರಿಗೆ ಹಾಕೋ ಕಾನೂನು ಇನ್ನೂ ಬಂದಿಲ್ಲಮ್ಮ. ಬರೋದ್ರೊಳಗೆ ಇನ್ನಷ್ಟು ಕಟ್ಟು" ಎಂದಳು. ಮುಂದಿನ ಚೀಟಿಯ ನಂಬರು ಕೂಗಿದಳು.

ಹೊರಗೆ ಬಂದೆವು. ಬಸ್ಸಿಗೆ ಇನ್ನೂ ಸಮಯವಿತ್ತು. ಮಾವ ಎದುರಿನ ಅಂಗಡಿಯಲ್ಲಿ ಹಾಲು ಹಾಕಿದ ಜೋಳದ ಗಂಜಿ ಎರಡು ಲೋಟ ತಂದು ಒಂದನ್ನು ನನ್ನ ಕೈಗಿಟ್ಟ. ಗೋಡೆಯ ನೆರಳಿನಲ್ಲಿ ನಿಂತು ಕುಡಿದೆವು. ಅವನ ಬೆರಳು ಲೋಟದ ಮೇಲೆ ಮಡಚುತ್ತ ಬಿಚ್ಚುತ್ತ ಇತ್ತು. ನಾನು ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ.

"ಎಂಟನೇ ಸಾಲು" ಎಂದ ಇದ್ದಕ್ಕಿದ್ದಂತೆ.

"ಏನಾಯ್ತು?"

"ಆರದೆ ಇನ್ನೂ ಉರಿದಿದೆ. ಎಣಿಸು. ಒಂಬತ್ತು ಬರುತ್ತೆ."

ಎಣಿಸಿದೆ. ಒಂಬತ್ತು.

"ಹತ್ತೊಂಬತ್ತು ವರ್ಷದಿಂದ ಆ ಸಾಲು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕೊಂಡಿದೆ ಕಣೇ! ಪ್ರತಿ ಸಲ ಒಂದು ಅಕ್ಷರ ನುಂಗಿ ನುಂಗಿ ಹಾಡಿದೀನಿ. ತಾಯಿ ಮಾತು, ನಾನ್ಯಾರು ತಿದ್ದೋಕೆ ಅಂತ ಬಾಯಿ ಮುಚ್ಕೊಂಡಿದ್ದೆ. ಆಮೇಲೆ ಅವಳಿಗೆ ಎಣಿಸಕ್ಕೆ ಬರಲ್ವಾ ಅಂತ ಯೋಚ್ನೆ ಬಂದು, ಅಂಥ ಯೋಚ್ನೆ ಬಂತಲ್ಲ ಅಂತ ಪಾದ್ರಿ ಹತ್ರ ಹೋಗಿ ತಪ್ಪೊಪ್ಪಿಗೆ ಮಾಡಿದೀನಿ. ಎರಡು ಸಲ!"

ನನಗೆ ನಗು ಬಂತು. ಅವನಿಗೆ ಬರಲಿಲ್ಲ, ಆದರೆ ಕಣ್ಣಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗಿನ ಆ ಚುರುಕು ಬಂದಿತ್ತು.

"ಆರದೆ ಅಂದ ಮೇಲೆ ಇನ್ನೂ ಯಾಕೆ? ಆರಿಲ್ಲ ಅಂದ್ರೆ ಇನ್ನೂ ಉರೀತಿದೆ ಅಂತಲೇ ಅರ್ಥ. ಅದನ್ನ ಕಿತ್ತು ಹಾಕು. 'ಆರದಲೇ ಉರಿದಿದೆ.' ನೋಡು, ಎಂಟು. ಎಷ್ಟು ಸಲೀಸಾಗಿ ಹೋಗುತ್ತೆ."

ನಾನು ಬಾಯೊಳಗೇ ಹೇಳಿ ನೋಡಿದೆ. ಅವನು ಹೇಳಿದ್ದು ಸರಿ. ಸಾಲು ನುಣುಪಾಗಿ ಹೋಗುತ್ತಿತ್ತು. ಆದರೆ ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತಾಗ ನನಗೆ ಗೊತ್ತಿದ್ದ ಏಕೈಕ ಸಂಗತಿ ಆ 'ಇನ್ನೂ'. ಅತ್ತೆ ಇನ್ನೂ ಇದ್ದಾಳೆ, ಮಾವ ಇನ್ನೂ ಉಸಿರಾಡುತ್ತಿದ್ದಾನೆ. ನಾಳೆಯ ಮಾತು ನನಗೆ ಗೊತ್ತಿರಲಿಲ್ಲ.

ಮೂವತ್ತು ವರ್ಷ ಅವನು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೆ.

"ಬೇಡ ಮಾವ" ಎಂದೆ. "ಅದು ಇರ್ಲಿ."

"ಒಂದಕ್ಷರ ಹೆಚ್ಚಿದೆ ಅಂತಿದೀನಿ!"

"ಹೆಚ್ಚೇ ಇರ್ಲಿ."

ಅವನು ಲೋಟ ಕೆಳಗಿಳಿಸಿ ನನ್ನನ್ನು ದಿಟ್ಟಿಸಿದ. ನನ್ನ ಮುಖವನ್ನು ಅವನು ಹಾಗೆ ನೋಡಿದ್ದು ನನಗೆ ನೆನಪಿಲ್ಲ.

"ಹಾಗಾದ್ರೆ ನಾನು ನುಂಗ್ಕೊಂಡೇ ಹಾಡ್ಬೇಕು ಅಂತೀಯ?"

"ನುಂಗ್ಕೊಂಡೇ ಹಾಡು."